ಓದುಗರ ಪ್ರಶ್ನೆ: ವಿದ್ಯಾರ್ಥಿವೇತನ ಮಂಜೂರಾಗಿದೆ, ದುಡ್ಡು ಬಂದಿಲ್ಲ

ಪ್ರಶ್ನೆ: ಮಗ ಪ್ರಥಮ ಪಿಯುಸಿ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ ಮಂಜೂರು ಅಂತ ತೋರಿಸುತ್ತೆ, ಪಾಸ್‌ಬುಕ್‌ನಲ್ಲಿ ಒಂದು ರೂಪಾಯಿಯೂ ಇಲ್ಲ. ಬ್ಯಾಂಕಿನವರು ಆಧಾರ್ ಲಿಂಕ್ ಆಗಿದೆ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಆಧಾರ್ ಲಿಂಕ್ ಬೇರೆ, ಎನ್‌ಪಿಸಿಐ ಸೀಡಿಂಗ್ ಬೇರೆ. ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಆಧಾರ್ ಜೊತೆ ರಾಷ್ಟ್ರೀಯ ಪಾವತಿ ನಿಗಮದಲ್ಲಿ (ಎನ್‌ಪಿಸಿಐ) ನಮೂದಿಸುವುದೇ ಸೀಡಿಂಗ್. ಇಲ್ಲೇ ಹೆಚ್ಚಿನವರು ಎಡವುವುದು. ಡಿಬಿಟಿ ಹಣ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ, ಖಾತೆ ಸಂಖ್ಯೆ ನೋಡಿ ಬರುವುದಿಲ್ಲ. ಆ ಆಧಾರ್‌ಗೆ ಕೊನೆಯದಾಗಿ ಸೀಡಿಂಗ್ ಆದ ಬ್ಯಾಂಕಿಗೆ ಹೋಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಸಿಮ್ ಕೊಳ್ಳುವಾಗ ಬೆರಳೊತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹೋಗಿ ಕೂತಿರಲೂಬಹುದು.

ಮೈಆಧಾರ್ ಜಾಲತಾಣದಲ್ಲಿ ಮಗನ ಆಧಾರ್ ಸಂಖ್ಯೆ, ಒಟಿಪಿ ಕೊಟ್ಟು ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆಯಿರಿ. ಯಾವ ಬ್ಯಾಂಕ್, ಸೀಡಿಂಗ್ ಸಕ್ರಿಯವೋ ಅಲ್ಲವೋ ಅಲ್ಲಿ ಕಾಣುತ್ತದೆ. ನೋಡಬೇಕಾದ್ದು ಮಗನ ಆಧಾರ್, ನಿಮ್ಮದಲ್ಲ. ಒಟಿಪಿ ಬರದಿದ್ದರೆ ಆಧಾರ್‌ನಲ್ಲಿ ಹಳೆಯ ನಂಬರ್ ಇರಬಹುದು, ಇಲ್ಲವೇ ನಂಬರೇ ಇಲ್ಲದಿರಬಹುದು. ಮೊದಲು ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಸೇರಿಸಿ. ಹದಿನೈದು ತುಂಬಿದ ಮೇಲೆ ಬೆರಳಚ್ಚು ನವೀಕರಿಸಿರದಿದ್ದರೆ ಅದನ್ನೂ ಅದೇ ಸಲ ಮುಗಿಸಿಕೊಳ್ಳಿ.

ಬೇರೆ ಬ್ಯಾಂಕಿನ ಹೆಸರು ಬಂದರೆ ಮೊದಲು ಆ ಖಾತೆಯಲ್ಲಿ ಹಣ ಇದೆಯೇ ನೋಡಿ. ಸೀಡಿಂಗ್ ನಿಷ್ಕ್ರಿಯ ಎಂದಿದ್ದರೆ ನಿಮ್ಮ ಶಾಖೆಯಲ್ಲಿ ‘ಡಿಬಿಟಿಗಾಗಿ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ’ ಎಂದು ಬರೆದೇ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಬರೀ ‘ಲಿಂಕ್ ಮಾಡಿ’ ಎಂದರೆ ಕೆವೈಸಿ (ಗುರುತಿನ ದಾಖಲೆ ಪರಿಶೀಲನೆ) ಮಾಡಿ ಕಳಿಸಿಬಿಡುತ್ತಾರೆ. ಕೆಲವು ದಿನ ಬಿಟ್ಟು ಸ್ಟೇಟಸ್ ಮತ್ತೆ ನೋಡಿ. ಸಕ್ರಿಯವಾದ ಮೇಲೆ ಅದರ ಪ್ರತಿ, ಎಸ್‌ಎಸ್‌ಪಿ ಐಡಿ ಹಿಡಿದು ವಿದ್ಯಾರ್ಥಿವೇತನ ಮಂಜೂರು ಮಾಡಿದ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ, ಹಣ ಮತ್ತೆ ಕಳಿಸಲು ಮನವಿ ಕೊಡಿ.

ಪ್ರಶ್ನೆ: ಯಜಮಾನರು ತೀರಿಕೊಂಡು ಎರಡು ವರ್ಷ. ಕೂಲಿ ಮಾಡಿ ಮನೆ ನಡೆಸುತ್ತೇನೆ. ಏಳನೇ ತರಗತಿಯ ಮಗಳನ್ನು ಹಾಸ್ಟೆಲ್‌ಗೆ ಸೇರಿಸಲೇ, ಬೇರೆ ನೆರವು ಇದೆಯೇ?
– ರಾಯಚೂರು ಜಿಲ್ಲೆಯಿಂದ

ಉತ್ತರ: ಇದೆ. ಕೇಂದ್ರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ದಾರಿ ಗೊತ್ತಾಗದಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಯಜಮಾನರ ಮರಣ ಪ್ರಮಾಣಪತ್ರ, ಮಗಳ ವ್ಯಾಸಂಗ ಪ್ರಮಾಣಪತ್ರ, ಇಬ್ಬರ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಪ್ರತಿ ಜೋಡಿಸಿಡಿ. ಆದಾಯ ಪ್ರಮಾಣಪತ್ರ ಇನ್ನೂ ಯಜಮಾನರ ಹೆಸರಿನಲ್ಲಿದ್ದರೆ ನಾಡಕಚೇರಿಯಲ್ಲಿ ನಿಮ್ಮ ಹೆಸರಿಗೆ ಹೊಸದಾಗಿ ಮಾಡಿಸಿ. ಗ್ರಾಮ ಆಡಳಿತಾಧಿಕಾರಿ ವಿಚಾರಿಸುವಾಗ ಕೆಲಸವಿಲ್ಲದ ತಿಂಗಳುಗಳನ್ನೂ ಹೇಳಿ. ದಿನಗೂಲಿಯನ್ನು ಮುನ್ನೂರರವತ್ತೈದರಿಂದ ಗುಣಿಸಿಬಿಟ್ಟರೆ ನಿಜಕ್ಕೂ ಅರ್ಹರಾದವರೂ ಮಿತಿ ದಾಟಿಬಿಡುತ್ತಾರೆ. ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಕೊಡುತ್ತಾರೆ, ಜಿಲ್ಲಾ ಸಮಿತಿ ತೀರ್ಮಾನಿಸುತ್ತದೆ. ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ.

ಹಾಸ್ಟೆಲ್ ವಿಷಯ ಈಗಲೇ ಯೋಚಿಸಿ: ಮಗು ಹಾಸ್ಟೆಲ್ ಸೇರಿದರೆ ಈ ಹಣ ನಿಲ್ಲುತ್ತದೆ. ಶಾಲೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಮಗಳು ನಿಮ್ಮ ಜೊತೆಯಲ್ಲೇ ಇರಲಿ ಎಂಬುದು ನಮ್ಮ ಸಲಹೆ. ಬಸ್ಸೇ ಇಲ್ಲದ ಊರಾದರೆ ಹಾಸ್ಟೆಲ್ ವಾಸಿ.