ಹೃದಯದ ಮೇಲಿನ ಕೊಬ್ಬಿಗೆ ಮಾತ್ರೆ ಹುಡುಕುವ ಮೊದಲು

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮ ಯಜಮಾನರಿಗೆ 52 ವರ್ಷ. ದುರ್ಗದ ಬೈಲ್ ಹತ್ತಿರ ಬಟ್ಟೆ ಅಂಗಡಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಬಂದಿದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯದ ಮೇಲೆ 7 ಮಿ.ಮೀ. ಕೊಬ್ಬು ಇದೆ ಅಂತ ರಿಪೋರ್ಟ್ ಬಂತು. ಇದು ಬ್ಲಾಕೇಜಾ? ಪರಿಚಯದವರು ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಡಿಸಿ ಅಂತಾರೆ, ಕೊಡಿಸಲಾ?' ರಕ್ತ ಪರೀಕ್ಷೆಯ ಚೀಟಿಯನ್ನೂ ಕಳಿಸಿದ್ದಾರೆ.

ಅಕ್ಕಾರೇ, ಇದು ಬ್ಲಾಕೇಜ್ ಅಲ್ಲ. ಬ್ಲಾಕೇಜ್ ಆಗುವುದು ರಕ್ತನಾಳದ ಒಳಗೆ. ಇದು ಹೃದಯದ ಹೊರಮೈಗೆ ಅಂಟಿಕೊಂಡ ಕೊಬ್ಬು. ಎಲ್ಲರಿಗೂ ಸ್ವಲ್ಪ ಇದ್ದೇ ಇರುತ್ತದೆ. ಎಕೋದಲ್ಲಿ 5 ಮಿ.ಮೀ. ದಾಟಿದರೆ ಜಾಸ್ತಿ ಎನ್ನುವುದು ವಾಡಿಕೆ.

ಹಾಗಂತ ಸುಮ್ನೆ ಬಿಡುವಂಥದ್ದೂ ಅಲ್ಲ. ಈ ಕೊಬ್ಬಿಗೂ ಹೃದಯದ ಸ್ನಾಯುವಿಗೂ ನಡುವೆ ಪರದೆಯೇ ಇಲ್ಲ. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳು ಇದರೊಳಗಿಂದಲೇ ಹಾದುಹೋಗುತ್ತವೆ. ಕೊಬ್ಬು ಮಿತಿಯಲ್ಲಿದ್ದರೆ ಅಡಿಪೊನೆಕ್ಟಿನ್ ಎಂಬ ಹಾರ್ಮೋನ್ ಬಿಡುತ್ತದೆ, ಅದು ನಾಳಗಳನ್ನು ಕಾಯುತ್ತದೆ. ಕೊಬ್ಬು ಮಿತಿಮೀರಿ ಬೆಳೆದಾಗ ಆ ಹಾರ್ಮೋನ್ ತಗ್ಗಿ, ಉರಿಯೂತ ಹೆಚ್ಚಿಸುವ ಪದಾರ್ಥಗಳು ಏರುತ್ತವೆ. ಸಿಕ್ಕಿದ್ದನ್ನೆಲ್ಲ ಕೆಡಿಸುವ ಆಮ್ಲಜನಕದ ಕಣಗಳೂ ಹೆಚ್ಚುತ್ತವೆ. ಮೈ ಅವನ್ನು ತಡೆಯಲು ಸೋತರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಡಬ್ಬಿಯಲ್ಲಿ ಬಹಳ ದಿನ ಇಟ್ಟ ಶೇಂಗಾ ಕಮಟು ಹಿಡಿಯುತ್ತದೆ ಅಲ್ವಾ? ಅಲ್ಲೂ ಎಣ್ಣೆಯಂಶ ಆಮ್ಲಜನಕ ತಾಗಿ ಕೆಟ್ಟಿರುತ್ತದೆ. ಮೈಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಹೀಗೆ ಹಾಳಾಗಿ ನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ನೀವು ಹೆದರಿದ ಬ್ಲಾಕೇಜ್ ಬೆಳೆಯುವುದು ಹೀಗೆ, ವರ್ಷಾನುಗಟ್ಟಲೆ.

ಆಕ್ಸಿಡೇಶನ್ನೇ ತೊಂದರೆ ಅಂದಮೇಲೆ ಅದಕ್ಕೆ ವಿರುದ್ಧದ ಮಾತ್ರೆ ನುಂಗಿದರಾಯ್ತು ಅನಿಸುವುದು ಸಹಜ. ಡಾಕ್ಟರುಗಳಿಗೂ ಹಾಗೇ ಅನಿಸಿತ್ತು. ಹೃದ್ರೋಗದ ಅಪಾಯವಿದ್ದ 9,500ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ನಾಲ್ಕೂವರೆ ವರ್ಷ ದಿನವೂ ಆ್ಯಂಟಿಆಕ್ಸಿಡೆಂಟ್ ಆದ ವಿಟಮಿನ್ ಇ ಕೊಟ್ಟು ನೋಡಿದರು. 2000ದಲ್ಲಿ ಫಲಿತಾಂಶ ಬಂತು: ಹಾರ್ಟ್ ಅಟ್ಯಾಕೂ ಕಡಿಮೆಯಾಗಲಿಲ್ಲ, ಸಾವೂ ಕಡಿಮೆಯಾಗಲಿಲ್ಲ. ಆ ದುಡ್ಡಿಗೆ ಕಾಯಿಪಲ್ಯೆ ತನ್ನಿ.

ಈಗ ನೀವು ಕಳಿಸಿದ ಚೀಟಿ. ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 210, 150ರೊಳಗೆ ಇರಬೇಕಿತ್ತು. ಒಳ್ಳೆ ಕೊಲೆಸ್ಟ್ರಾಲ್ ಎಚ್‌ಡಿಎಲ್ 36, ಗಂಡಸರಿಗೆ 40 ಆದರೂ ಬೇಕು. ಖಾಲಿ ಹೊಟ್ಟೆಯ ಶುಗರ್ 112, ಅದು 100 ಮುಟ್ಟಬಾರದು. ಸೊಂಟದ ಸುತ್ತಳತೆ ಮತ್ತು ಬಿಪಿ ಸೇರಿ ಐದರಲ್ಲಿ ಮೂರು ಕೆಟ್ಟರೆ ಅದು ಮೆಟಬಾಲಿಕ್ ಸಿಂಡ್ರೋಮ್. ನಿಮ್ಮವರಿಗೆ ಈ ಚೀಟಿಯಲ್ಲೇ ಮೂರು ಆಗಿವೆ. ನನಗೆ 7 ಮಿ.ಮೀ.ಗಿಂತ ಚಿಂತೆಯಾಗಿದ್ದು ಇದೇ. ರಿಪೋರ್ಟ್, ಚೀಟಿ ಎರಡನ್ನೂ ಹಿಡಿದು ಡಾಕ್ಟರ ಹತ್ತಿರ ಹೋಗಿ. ನಡೆಯುವಾಗ ಎದೆ ಬಿಗಿದರೆ ಅಥವಾ ಏದುಸಿರು ಬಂದರೆ ಅವತ್ತೇ ಹೋಗಿ.

ಹೊಟ್ಟೆ ಇಳಿದರೆ ಹೃದಯದ ಮೇಲಿನ ಕೊಬ್ಬೂ ಕರಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯೆ ಬಿಡಬೇಕಿಲ್ಲ. ರೊಟ್ಟಿಯ ಮೇಲೆ ಮತ್ತೆ ತುಂಬಿಸಿಕೊಳ್ಳುವ ಅನ್ನ ಕಡಿಮೆಯಾಗಲಿ. ಸಂಜೆ ಅಂಗಡಿಗೆ ಬರುವ ಗಿರ್ಮಿಟ್ ಜೊತೆಗಿನ ಮಿರ್ಚಿ ಬಜಿ ನಿಲ್ಲಲಿ. ಸಕ್ಕರೆ ಹಾಕಿದ ಚಹಾವೂ ಅಷ್ಟೇ. ಉಣಕಲ್ ಕೆರೆ ದಂಡೆಯಲ್ಲಿ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಲಿ. ಕೂತ ಗಾದಿಯಿಂದ ಆಗಾಗ ಏಳಲಿ.

ಬಟ್ಟೆ ಅಂಗಡಿಯವರಿಗೆ ಟೇಪು ಹಿಡಿಯುವುದು ಹೇಳಿಕೊಡಬೇಕಿಲ್ಲ. ಆದರೆ ಅಳತೆ ಬೆಲ್ಟ್ ಕಟ್ಟುವ ಕಡೆ ಅಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟಾಗ ನೋಡಿ. ನಮ್ಮ ಗಂಡಸರಿಗೆ 90 ಸೆಂ.ಮೀ. ಮಿತಿ, ಹೆಂಗಸರಿಗೆ 80. ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಮಾತೂ ಇಲ್ಲ. ನಿಮ್ಮ ಅಳತೆಯನ್ನೂ ತೆಗೆದು, ಶುಗರ್, ಬಿಪಿ ನೋಡಿಸಿ, ದಯವಿಟ್ಟು ಬರೆಯಿರಿ.

— ಸಂಪಾದಕ