ನಾಡಿ ಸಿಗದ ಅಣ್ಣ: ಓದುಗರಿಗೆ ಸಂಪಾದಕರ ಉತ್ತರ

'ಹೃದಯ ವೈಫಲ್ಯಕ್ಕೆಂದು ಅಣ್ಣನ ಎದೆಯೊಳಗೆ ಪಂಪ್ ಅಳವಡಿಸಿದ್ದಾರೆ. ಈಗ ಮಣಿಕಟ್ಟು ಹಿಡಿದರೆ ನಾಡಿ ಸಿಗುವುದಿಲ್ಲ. ಅವನ ಹೃದಯದ ಮೇಲೆ ಮೆದುಳಿನ ಹಿಡಿತ ತಪ್ಪಿದೆಯೇ?' ಎಂದು ಕೇಳಿದ್ದೀರಿ.

ಹಿಡಿತ ತಪ್ಪಿಲ್ಲ. ಹೃದಯ ಕಸಿ ಮಾಡುವಾಗ ನರಗಳು ತುಂಡಾಗುತ್ತವೆ. ನಿಮ್ಮ ಅಣ್ಣನ ಹೃದಯವಾದರೋ ಇದ್ದಲ್ಲೇ ಇದೆ; ಬಡಿತ ತಗ್ಗಿಸುವ ವೇಗಸ್ ನರ, ಏರಿಸುವ ಸಿಂಪಥೆಟಿಕ್ ನರ ಎರಡೂ ಅದಕ್ಕೆ ಅಂಟಿಕೊಂಡೇ ಇವೆ. ನರದ ಮಾತು ಕೇಳದಿರುವುದು ಪಂಪ್ ಮಾತ್ರ. ಈಚಿನ ಮಾದರಿಗಳು ವೈದ್ಯರು ಗೊತ್ತುಪಡಿಸಿದ ವೇಗದಲ್ಲಿ, ನಿಮಿಷಕ್ಕೆ ಸಾಮಾನ್ಯವಾಗಿ 5,000ದಿಂದ 6,000 ಸುತ್ತು ತಿರುಗುತ್ತ, ಎಡ ಹೃತ್ಕುಕ್ಷಿಯ ರಕ್ತವನ್ನು ಎಡೆಬಿಡದೆ ಮಹಾಪಧಮನಿಗೆ ತಳ್ಳುತ್ತವೆ; ಹರಿವಿನಲ್ಲಿ ಏರಿಳಿತ ತೀರ ಕಡಿಮೆಯಾದ್ದರಿಂದಲೇ ನಾಡಿ ಕೈಗೆ ಸಿಗುವುದಿಲ್ಲ.

ನನ್ನನ್ನು ಬಹಳವಾಗಿ ಸೆಳೆಯುವ ವಿಷಯ ಇಲ್ಲಿಂದ ಮುಂದಿದೆ. ಕತ್ತಿನ ಧಮನಿಯಲ್ಲೂ ಮಹಾಪಧಮನಿಯ ಕಮಾನಿನಲ್ಲೂ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಧಮನಿಯ ಗೋಡೆ ಹಿಗ್ಗಿದಾಗ ಅವು ಮೆದುಳಿಗೆ ಸುದ್ದಿ ಕಳಿಸುತ್ತವೆ, ಸಿಂಪಥೆಟಿಕ್ ನರಗಳ ಆವೇಗ ಇಳಿಯುತ್ತದೆ. ಅವು ಗಮನಿಸುವುದು ಸರಾಸರಿ ಒತ್ತಡವೊಂದನ್ನೇ ಅಲ್ಲ, ಪ್ರತಿ ಬಡಿತದ ಏರಿಳಿತವನ್ನೂ. ಹರಿವು ಸಮನಾದಾಗ ಗೋಡೆ ಹೆಚ್ಚು ಹಿಗ್ಗದು, ಸುದ್ದಿ ಕ್ಷೀಣಿಸುತ್ತದೆ. ಒತ್ತಡ ಸಾಕಷ್ಟಿದ್ದರೂ ಕಡಿಮೆಯಾಗಿದೆ ಎಂದು ತಿಳಿದಂತೆ ಮೆದುಳು ಸಿಂಪಥೆಟಿಕ್ ನರಗಳನ್ನು ಎಚ್ಚರಿಸಿ ರಕ್ತನಾಳಗಳನ್ನು ಬಿಗಿಸುತ್ತದೆ. ಹೀಗೆ ಒತ್ತಡ ಏರಿದರೆ ಅದೇ ವೇಗದಲ್ಲಿ ತಿರುಗುವ ಪಂಪ್ ತಳ್ಳುವ ರಕ್ತ ತಗ್ಗುತ್ತದೆ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ.

ಹಾಗೆಂದು ಪಂಪ್ ನರಗಳಿಗೆ ಕೇಡನ್ನಷ್ಟೇ ಮಾಡುತ್ತದೆ ಎನ್ನಲಾರೆ. ಸೋತ ಹೃದಯವನ್ನು ಸಿಂಪಥೆಟಿಕ್ ನರಗಳು ಬಿಡದೆ ಚಾವಟಿಯಲ್ಲಿ ಹೊಡೆದಂತೆ ದುಡಿಸುತ್ತಿರುತ್ತವೆ. ಆ ಹೊಡೆತಕ್ಕೆ ಹೃದಯದ ಸ್ನಾಯುವಿನಲ್ಲಿ ಈ ನರಗಳ ಸಂದೇಶವನ್ನು ಹಿಡಿಯುವ ಬೀಟಾ ಗ್ರಾಹಕಗಳು ಕುಗ್ಗಿರುತ್ತವೆ. ಪಂಪ್ ಭಾರ ಹೊತ್ತ ಮೇಲೆ ಅವು ಅನೇಕರಲ್ಲಿ ಒಂದಿಷ್ಟು ಚೇತರಿಸಿಕೊಳ್ಳುತ್ತವೆ. ಕೆಲವು ಪಂಪ್‌ಗಳು ಎರಡು ಸೆಕೆಂಡಿಗೊಮ್ಮೆ ವೇಗ ಬದಲಿಸಿ ಕೃತಕ ಮಿಡಿತ ಹುಟ್ಟಿಸುತ್ತವೆ. ಒಳಗೆ ರಕ್ತ ಹೆಪ್ಪುಗಟ್ಟದಿರಲಿ ಎಂಬುದು ಅದರ ಮುಖ್ಯ ಉದ್ದೇಶ; ಹೃದಯದ ಬಡಿತಕ್ಕೂ ಅದಕ್ಕೂ ತಾಳಮೇಳವಿಲ್ಲ.

ಅಣ್ಣನ ರಕ್ತದೊತ್ತಡವನ್ನು ಶಬ್ದದ ಅಲೆಗಳಿಂದ ರಕ್ತದ ಹರಿವನ್ನು ಪತ್ತೆಹಚ್ಚುವ ಡಾಪ್ಲರ್ ಸಾಧನದಿಂದ ನೋಡಿಸುತ್ತಿರಿ. ಮಾಮೂಲಿ ಯಂತ್ರ ಅನೇಕ ವೇಳೆ ಅಂಕಿ ತೋರಿಸುವುದಿಲ್ಲ. ಸರಾಸರಿ ಒತ್ತಡ 90 ಮಿ.ಮೀ. ಪಾದರಸ ಮೀರದಂತೆ ವೈದ್ಯರು ಸಾಮಾನ್ಯವಾಗಿ ಎಚ್ಚರ ವಹಿಸುತ್ತಾರೆ. ಅವನು ಎಂದಾದರೂ ಕುಸಿದು ಬಿದ್ದರೆ ನಾಡಿ ಹುಡುಕುತ್ತ ಕೂರಬೇಡಿ. ಎಚ್ಚರವಿದೆಯೇ, ಉಸಿರಾಡುತ್ತಿದ್ದಾನೆಯೇ ನೋಡಿ. ಎದೆಗೆ ಕಿವಿಗೊಟ್ಟು ಪಂಪಿನ ಗುಂಯ್‌ಗುಡುವ ಸದ್ದು ಕೇಳುತ್ತಿದೆಯೇ ಪರೀಕ್ಷಿಸಿ, ಕೂಡಲೇ ಆಸ್ಪತ್ರೆಯ ಪಂಪ್ ತಂಡಕ್ಕೆ ಕರೆ ಮಾಡಿ.