ಪ್ರಾಡಾ ಬಂತು, ಮಳೆಗಾಲವೂ ಬರುತ್ತೆ

ನಿಪ್ಪಾಣಿಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಇಟಲಿಯ ಪ್ರಾಡಾ ಕಂಪನಿ ನಮ್ಮ ಕೊಲ್ಹಾಪುರಿ ಚಪ್ಪಲಿಯನ್ನು ನಕಲು ಮಾಡಿ ಸಿಕ್ಕಿಬಿತ್ತು. ಅದರಿಂದ ರಾಯಲ್ಟಿ ವಸೂಲಿ ಮಾಡಬೇಕು. ಅಥಣಿಯಲ್ಲಿ ಮಾಡಿದ್ದಕ್ಕೆ ಕೊಲ್ಹಾಪುರದ ಹೆಸರು ಯಾಕೆ? ಸರ್ಕಾರ ಚಪ್ಪಲಿ ಮಾಡುವವರಿಗೆ ಜಾಸ್ತಿ ಸಾಲ ಕೊಟ್ಟರೆ ನಮ್ಮ ಗಡಿಭಾಗ ತಾನಾಗಿಯೇ ಮೇಲೆ ಬರುತ್ತದೆ."

ನಮಸ್ಕಾರ. ನಿಮ್ಮ ಸಿಟ್ಟು ಅರ್ಥವಾಗುತ್ತೆ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಆ ಚಪ್ಪಲಿ ಕಂಡಾಗ ನಮಗೂ ಬಂದಿತ್ತು. ಆದರೆ ರಾಯಲ್ಟಿ ಮಾತು ಕಾನೂನಿನಲ್ಲಿ ನಿಲ್ಲುವುದು ಕಷ್ಟ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನ ಮಾಲು ಎಂಬ ಗುರುತು, ಸಿಕ್ಕಿತು, ನಿಜ. ಅದು ಕಾಯುವುದು ಹೆಸರನ್ನು, ಅದೂ ನಮ್ಮ ದೇಶದೊಳಗೆ. ಪ್ರಾಡಾ ಆ ಹೆಸರನ್ನೇ ಹಾಕಿರಲಿಲ್ಲ. ಸುಮ್ನೆ ಚರ್ಮದ ಚಪ್ಪಲಿ ಅಂತ ತೋರಿಸಿತ್ತು. ಗಲಾಟೆಯಾದ ಮೇಲೆ, ಡಿಸೆಂಬರ್‌ನಲ್ಲಿ, ನಮ್ಮ ಲಿಡ್‌ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಎಂಬ ಸರ್ಕಾರಿ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಇಲ್ಲಿಯವರ ಕೈಯಲ್ಲೇ 2,000 ಜೋಡಿ ಮಾಡಿಸುವುದು, ಜೋಡಿಗೆ ಸುಮಾರು 800 ಯೂರೋ ಬೆಲೆ ಇಡುವುದು. ನಮ್ಮ ದುಡ್ಡಲ್ಲಿ 80 ಸಾವಿರಕ್ಕೂ ಮೇಲಾಯಿತು. ಸಂತೋಷವೇ. ಆದರೆ ಈ ಚಪ್ಪಲಿ ಮಾಡುವ ಎಂಟು ಜಿಲ್ಲೆಗಳಿಗೆ 2,000 ಜೋಡಿ ಎಂದರೆ ಎಷ್ಟು ಮನೆಗೆ ಎಷ್ಟು ದಿನದ ಕೆಲಸ, ನೀವೇ ಲೆಕ್ಕ ಹಾಕಿ.

ಹೆಸರಿನ ವಿಚಾರದಲ್ಲಿ ನಿಮ್ಮ ಮಾತನ್ನು ಒಪ್ಪಲಾರೆ. ಜಿಐ ಪಟ್ಟಿಯಲ್ಲಿ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರದ ಜೊತೆಗೇ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಬೆಂಗಳೂರಿನವರು ಮಹಾಲಕ್ಷ್ಮಿ ದರ್ಶನಕ್ಕೆ ಕೊಲ್ಹಾಪುರಕ್ಕೆ ಹೋಗಿ, ಗುಡಿಯ ಹತ್ತಿರದ ಅಂಗಡಿಯಲ್ಲಿ ಚೌಕಾಸಿ ಮಾಡಿ ಒಂದು ಜೊತೆ ಚಪ್ಪಲಿ ತರುತ್ತಾರೆ. ಎಷ್ಟೋ ಸಲ ಅದು ಅಥಣಿ, ಮದಭಾವಿ ಅಥವಾ ನಿಮ್ಮ ನಿಪ್ಪಾಣಿಯಲ್ಲೇ ಮಾಡಿದ್ದು! ಆ ಪೇಟೆ ನಮ್ಮವರಿಗೆ ಅನ್ನ ಹಾಕುತ್ತಿದೆ. ಹೊಸ ಹೆಸರಿಟ್ಟು ಅದನ್ನು ಕಳೆದುಕೊಳ್ಳುವುದು ಯಾರಿಗೆ ಬೇಕು?

ಈಗ ಸಾಲದ ಮಾತಿಗೆ ಬರೋಣ. ನಿಮ್ಮ ಪತ್ರಕ್ಕೆ ಇಷ್ಟುದ್ದ ಉತ್ತರ ಬರೆಯಲು ಕಾರಣವೇ ಅದು.

ಸಾಲ ಇಲ್ಲವೆಂದಲ್ಲ. ಕುಶಲಕರ್ಮಿಗಳಿಗಾಗಿ 2023ರಲ್ಲಿ ಶುರುವಾದ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚಪ್ಪಲಿ ಮಾಡುವುದೂ ಇದೆ. ಸಲಕರಣೆಗೆ 15 ಸಾವಿರ ಸಿಗುತ್ತೆ. ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ. ಕೇಳಲು ಚೆನ್ನಾಗಿದೆ. ಆದರೆ ಮೊದಲ ಸಾಲವನ್ನು 18 ತಿಂಗಳಲ್ಲಿ, ತಿಂಗಳ ಕಂತಿನಲ್ಲೇ ತೀರಿಸಬೇಕು. ಈ ಕಸುಬಿನಲ್ಲಿ ತಿಂಗಳ ಆದಾಯ ಎಂಬುದೇ ಇಲ್ಲವಲ್ಲ!

ಅಳಲೆಕಾಯಿ, ಜಾಲಿ ತೊಗಟೆಯಲ್ಲಿ ಹದ ಮಾಡಿದ ಚರ್ಮ ಇದು. ನೀರು ಕಂಡರೆ ಆಗುವುದಿಲ್ಲ. ಬೇಸಿಗೆ, ಮದುವೆ, ಜಾತ್ರೆ ಇದ್ದಾಗ ಮಾರಾಟ. ಮಳೆ ಹಿಡಿಯಿತೆಂದರೆ ಕೊಳ್ಳುವವರಿಲ್ಲ, ಚರ್ಮ ಒಣಗಿಸಲು ಬಿಸಿಲೂ ಇಲ್ಲ. ಆದರೂ ಮನೆ ನಡೆಯಬೇಕು. ಆಗ ವ್ಯಾಪಾರಿ ಮುಂಗಡ ಕೊಡುತ್ತಾನೆ. ಬೇಸಿಗೆಯಲ್ಲಿ ಬೆಲೆ ಏರಿದಾಗ ಮಾಲು ಅವನಿಗೇ, ಅವನು ಹೇಳಿದ ದರಕ್ಕೇ. ವ್ಯಾಪಾರಿಯನ್ನು ಸುಮ್ನೆ ಬೈದು ಉಪಯೋಗವಿಲ್ಲ. ಬ್ಯಾಂಕು ಬಾರದ ಹೊತ್ತಿನಲ್ಲಿ ಬಂದವನು ಅವನೇ ಅಲ್ವಾ?

ಹಾಗಾಗಿ ನನ್ನ ಅಭಿಪ್ರಾಯ ಇದು: ಹೊಸ ಸಾಲ ಮೇಳ ಬೇಡ, ಮಳೆಗಾಲದ ದುಡ್ಡು ಬೇಕು. ರೈತ ಉಗ್ರಾಣದಲ್ಲಿ ಧಾನ್ಯ ಇಟ್ಟು, ಅದರ ರಸೀದಿ ಮೇಲೆ ಸಾಲ ತೆಗೆದು, ಬೆಲೆ ಬಂದಾಗ ಮಾರಬಹುದು. ಚಪ್ಪಲಿಗೂ ಅಂಥದ್ದೊಂದು ವ್ಯವಸ್ಥೆ ಯಾಕೆ ಆಗಬಾರದು? ಅಥಣಿಯಲ್ಲಿ ಒಂದು ಒಣ ಗೋದಾಮು, ಇಟ್ಟ ಮಾಲಿಗೆ ಅರ್ಧ ಬೆಲೆ ಮುಂಗಡ, ಮಾರಿದ ಮೇಲೆ ತೀರುವ ಸಾಲ. ಲಿಡ್‌ಕರ್ ಮಾಡಬೇಕಾದ ಕೆಲಸ ಇದು. ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತೆ.

ಇನ್ನೊಂದು ಕಾಯಿಲೆ ಉದ್ರಿ. ಮಾಲು ಹೋಗುತ್ತೆ, ದುಡ್ಡು ಬರುವುದಿಲ್ಲ. ಇದಕ್ಕೆ 2006ರಿಂದಲೇ ಕಾನೂನಿದೆ. ನೋಂದಾಯಿತ ಕಿರು ಅಥವಾ ಸಣ್ಣ ಉದ್ಯಮದಿಂದ ಮಾಲು ತಗೊಂಡವರು, ಬರಹದ ಕರಾರು ಇದ್ದರೂ 45 ದಿನ ಮೀರಿಸುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಬರುವ ವರ್ಷ ಮತ್ತೆ ಅದೇ ಅಂಗಡಿಗೆ ಹೋಗಬೇಕಾದವನು ದೂರು ಕೊಡುವುದು ಹೇಗೆ? ಒಬ್ಬೊಬ್ಬರಾಗಿ ಆಗದು. ಸಂಘವಾಗಿ ಮಾರಿದರೆ, ಬಿಲ್ಲೂ ಸಂಘದ ಹೆಸರಲ್ಲೇ ಇದ್ದರೆ, ಕೇಳುವ ಧೈರ್ಯ ಬರುತ್ತೆ.

ಹೆಂಗಸರ ಮಾತನ್ನು ನಿಮ್ಮ ಪತ್ರ ಎತ್ತಿಯೇ ಇಲ್ಲ. ಚರ್ಮ ಕತ್ತರಿಸುವುದು ಹೆಚ್ಚಾಗಿ ಗಂಡಸರು. ಸಣ್ಣ ಎಳೆ ಹೆಣೆಯುವುದು, ಅಂದರೆ ನೋಡಿದವರ ಕಣ್ಣಿಗೆ ಬೀಳುವ ಅಂದದ ಕೆಲಸ, ಹೆಚ್ಚಾಗಿ ಹೆಂಗಸರದ್ದು. ಯೋಜನೆಯ ಅರ್ಜಿಯಲ್ಲಿ ಹೆಸರು ಮಾತ್ರ ಮನೆಯ ಯಜಮಾನನದ್ದು. ವಿಶ್ವಕರ್ಮ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ಒಬ್ಬರೇ ಫಲಾನುಭವಿ ಎಂಬ ನಿಯಮವೂ ಇದೆ. ಅದು ಬದಲಾಗಬೇಕು.

ನೀವು ಅಲ್ಲೇ ಇರುವವರು. ಈ ವಾರ ಗುರುತಿನ ಚಪ್ಪಲಿ ಮಾಡುವವರನ್ನು ಒಂದೇ ಮಾತು ಕೇಳಿ: ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಆಗಿದೆಯಾ? ಮೇಲೆ ಹೇಳಿದ 45 ದಿನದ ರಕ್ಷಣೆ ಸಿಗಬೇಕಾದರೆ ಅದು ಬೇಕು. ಆಧಾರ್ ಇಟ್ಟುಕೊಂಡು ಆನ್‌ಲೈನ್‌ನಲ್ಲೇ ಮಾಡಬಹುದು. ಸರ್ಕಾರದ ಶುಲ್ಕ ಏನೂ ಇಲ್ಲ. ನೋಂದಣಿ ಫೀಸು ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ ಅನ್ನಿ. ಎಷ್ಟು ಮನೆಯಲ್ಲಿ ಆಗಿದೆ, ಎಷ್ಟರಲ್ಲಿ ಆಗಿಲ್ಲ ಎಂದು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ